ಬ್ಯಾಟರಿ ಸರಿಯಿದೆ, ಅರ್ಥಿಂಗ್ ನೋಡಿ

ಜೂನ್ ಬಂತೆಂದರೆ ಕಾರವಾರದ ಗ್ಯಾರೇಜುಗಳಲ್ಲಿ ಒಂದು ದೂರು ಕಾಯಂ: ಸೆಲ್ಫ್ ಎತ್ತುತ್ತಿಲ್ಲ. ಬಟನ್ ಒತ್ತಿದರೆ ಒಳಗೆಲ್ಲೋ 'ಕಟ್' ಎನ್ನುತ್ತದೆ, ಅಷ್ಟೇ. ಬ್ಯಾಟರಿ ಹೋಯ್ತು ಅಂತ ಹೊಸದು ಹಾಕಿಸುತ್ತಾರೆ. ನಾಲ್ಕು ದಿನ ಚೆನ್ನಾಗಿ ಓಡುತ್ತದೆ, ಆಮೇಲೆ ಮತ್ತೆ ಅದೇ 'ಕಟ್'. ಹಳೆಯ ಗೇರ್‌ಲೆಸ್ ಗಾಡಿಗಳ ಮೇಲೆ ನನಗೆ ಪ್ರೀತಿ ಜಾಸ್ತಿ. ಹೀಗೆ ಸುಮ್ನೆ ಬದಲಾಗುವ ಬ್ಯಾಟರಿಗಳನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ನಮ್ಮ ಕರಾವಳಿಯಲ್ಲಿ ಮೊದಲು ಕೆಡುವುದು ಜಾಯಿಂಟುಗಳು. ವೈರು ಬೋಲ್ಟಿಗೆ ಸೇರುವ ಜಾಗ, ಕಪ್ಲರಿನೊಳಗೆ ಪಿನ್ನು ಪಿನ್ನಿಗೆ ತಾಗುವ ಜಾಗ.

ಕೈನೆಟಿಕ್ ಹೋಂಡಾವನ್ನೇ ತೆಗೆದುಕೊಳ್ಳಿ. 1984ರಲ್ಲಿ ಬಂದ ಗಾಡಿ, 98 ಸಿಸಿಯ ಟೂ ಸ್ಟ್ರೋಕ್ ಇಂಜಿನ್. ಗೇರ್ ಹಾಕುವ ಕೆಲಸವಿಲ್ಲ. ಎರಡು ಪುಲ್ಲಿಗಳ ನಡುವಿನ ಬೆಲ್ಟು ವೇಗಕ್ಕೆ ತಕ್ಕಂತೆ ತಾನೇ ಸರಿದುಕೊಳ್ಳುತ್ತದೆ. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಸ್ಕೂಟರ್ ಎಂದರೆ ಆಗ ದೊಡ್ಡ ಸುದ್ದಿ.

ಗೇರ್ ಇಲ್ಲದ ಗಾಡಿಯ ಸೆಲ್ಫ್ ದುರಸ್ತಿಗೆ ಒಂದು ವಿಶೇಷವಿದೆ. ಇಂಜಿನ್ ಸ್ವಲ್ಪ ಜೋರಾದರೆ ಸಾಕು, ಒಳಗಿನ ಕ್ಲಚ್ ತಾನೇ ಹಿಡಿದು ಗಾಡಿ ಮುಂದೆ ನುಗ್ಗುತ್ತದೆ. ಹಾಗಾಗಿ ಇಂಥ ಹೆಚ್ಚಿನ ಗಾಡಿಗಳಲ್ಲಿ ಬ್ರೇಕ್ ಹಿಡಿಯದೆ ಸೆಲ್ಫ್ ಕೆಲಸ ಮಾಡದಂತೆ ವೈರಿಂಗ್ ಮಾಡಿರುತ್ತಾರೆ. ಬ್ರೇಕ್ ಲಿವರಿನ ಸ್ವಿಚ್ಚಿನಿಂದ ಕರೆಂಟು ಹಿಂದಿನ ಬ್ರೇಕ್ ಲೈಟಿಗೂ ಹೋಗುತ್ತದೆ, ಸ್ಟಾರ್ಟ್ ಬಟನ್‌ಗೂ ಹೋಗುತ್ತದೆ. ಅಂದರೆ ಬಟನ್ ಒತ್ತಿದಾಗ 'ಕಟ್' ಎನ್ನುವ ಸದ್ದೂ ಇಲ್ಲದಿದ್ದರೆ, ಒಂದು ಪೈಸೆ ಖರ್ಚಿಲ್ಲದೆ ಮೊದಲ ಪರೀಕ್ಷೆ ಮಾಡಬಹುದು. ಬ್ರೇಕ್ ಹಿಡಿದು ಹಿಂದಿನ ಲೈಟು ನೋಡಿ. ಒಂದು ಲಿವರ್ ಹಿಡಿದರೆ ಉರಿಯುತ್ತದೆ, ಇನ್ನೊಂದಕ್ಕೆ ಉರಿಯುವುದಿಲ್ಲ ಎಂದಾದರೆ ಆ ಲಿವರಿನ ಸ್ವಿಚ್ಚು ಕೆಟ್ಟಿದೆ. ಯಾವುದಕ್ಕೂ ಉರಿಯದಿದ್ದರೆ ಫ್ಯೂಸು, ಕೀ ಸ್ವಿಚ್ಚಿನ ಕಡೆ ಹೋಗಿ. ಲೈಟು ಉರಿದೂ ಸದ್ದಿಲ್ಲದಿದ್ದರೆ ಬಟನ್ ಅಥವಾ ರಿಲೇ (ಬಟನ್ನಿನ ಸಣ್ಣ ಕರೆಂಟಿಗೆ 'ಕಟ್' ಎಂದು ಸೇರಿ ಮೋಟಾರಿಗೆ ದೊಡ್ಡ ಕರೆಂಟು ಬಿಡುವ ಸ್ವಿಚ್ಚು) ನೋಡಿ. 'ಕಟ್' ಅನ್ನುತ್ತಿದೆ, ಮೋಟಾರ್ ಮಾತ್ರ ತಿರುಗುತ್ತಿಲ್ಲ ಅಂತಾದರೆ ಬಟನ್, ಬ್ರೇಕ್ ಸ್ವಿಚ್ಚು ಎರಡೂ ಸರಿ ಇವೆ. ದಪ್ಪ ವೈರುಗಳ ದಾರಿಯಲ್ಲಿ ಹುಡುಕಬೇಕು.

ಆ ದಾರಿಗೆ ಉಪ್ಪು ಏನು ಮಾಡುತ್ತದೆ ಎನ್ನುವುದೇ ನನಗೆ ಅತಿ ಇಷ್ಟದ ವಿಷಯ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುವುದನ್ನು ಎಲ್ಲರೂ ನೋಡಿದ್ದೇವೆ, ಅಲ್ವಾ? ಗಾಳಿಯ ತೇವ ಸುಮಾರು 75 ಶೇಕಡಾ ದಾಟಿದರೆ ಶುದ್ಧ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗುತ್ತದೆ. ಕಾರವಾರದ ಮಳೆಗಾಲದಲ್ಲಿ ತೇವ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಹರಳುಪ್ಪು ಇನ್ನೂ ಬೇಗ ಒದ್ದೆಯಾಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡ್ ಕೂಡ ಇರುವುದು ಅದಕ್ಕೆ ಕಾರಣ. ಅದು ತೇವ 33 ಶೇಕಡಾ ಇದ್ದರೂ ನೀರು ಹೀರುತ್ತದೆ. ಅಲೆಗಳಿಂದ ಎದ್ದು ಗಾಳಿಯಲ್ಲಿ ತೇಲಿ ಬಂದು ಗಾಡಿಯ ಮೇಲೆ ಕೂರುವುದು ಇದೇ ಸಮುದ್ರದ ಉಪ್ಪು. ಹಾಗಾಗಿ ನಮ್ಮ ಕಣ್ಣಿಗೆ ಒಣಗಿದಂತೆ ಕಂಡರೂ ಬೋಲ್ಟಿನ ಸಂದಿಯಲ್ಲಿ ತೆಳು ಉಪ್ಪುನೀರು ಏಪ್ರಿಲ್‌ನಲ್ಲೂ ಇರುತ್ತದೆ. ಶಿರಸಿಯಲ್ಲೂ ಮಳೆ ಜೋರು, ಆದರೆ ಘಟ್ಟದ ಮೇಲೆ ಈ ಉಪ್ಪಿನ ಕಾಟ ಇಲ್ಲ.

ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ಸೇರಿತೆಂದರೆ ಅಲ್ಲೇ ಒಂದು ಪುಟ್ಟ ಬ್ಯಾಟರಿ ತಯಾರಾಗುತ್ತದೆ. ಒಂದು ಲೋಹ ಸವೆಯುತ್ತದೆ, ಇನ್ನೊಂದು ಉಳಿಯುತ್ತದೆ. 1824ರಲ್ಲಿ ಹಂಫ್ರಿ ಡೇವಿ ಇದನ್ನು ಉಪಯೋಗಕ್ಕೆ ತಂದರು. ಬ್ರಿಟಿಷ್ ನೌಕಾಪಡೆಯ ಹಡಗುಗಳ ತಳಕ್ಕೆ ಹೊಡೆದ ತಾಮ್ರದ ಹಾಳೆ ಸವೆಯುತ್ತಿತ್ತು. ಅದಕ್ಕೆ ಸತು, ಕಬ್ಬಿಣದ ತುಂಡು ಜೋಡಿಸಿದರೆ ತುಂಡು ಸವೆದು ತಾಮ್ರ ಉಳಿಯುತ್ತದೆ ಎಂದು ತೋರಿಸಿದರು. ಈಗಲೂ ಉಕ್ಕಿನ ಬೋಟುಗಳ ತಳಕ್ಕೆ ಸತುವಿನ ತುಂಡು ಹಾಕುತ್ತಾರೆ. ಸ್ಕೂಟರಿನಲ್ಲಿ ಆ ಸತುವಿನ ಪಾಡು ಅಲ್ಯುಮಿನಿಯಂ ಇಂಜಿನ್ ಕೇಸಿಗೆ ಬರುತ್ತದೆ. ಅದರ ಮೇಲೆ ಅರ್ಥಿಂಗ್ ವೈರು, ಅಂದರೆ ಕರೆಂಟು ಇಂಜಿನ್ನಿನಿಂದ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ವೈರು; ಅದರ ತುದಿಗೆ ತಾಮ್ರದ ಬಳೆಯಂಥ ಥಿಂಬಲ್, ಅದಕ್ಕೊಂದು ಕಬ್ಬಿಣದ ಬೋಲ್ಟು. ಮೂರು ಲೋಹ, ನಡುವೆ ಉಪ್ಪು. ಬೋಲ್ಟು ಬಿಚ್ಚಿ ನೋಡಿ: ಥಿಂಬಲ್ಲಿನ ಅಂಚಿನಲ್ಲಿ ಹಸಿರು ಕಿಲುಬು, ಅದರಡಿ ಕೇಸಿನ ಮೇಲೆ ಸುಣ್ಣದಂಥ ಬಿಳಿ ಪುಡಿ. ಉಗುರಿನಿಂದ ಕೆರೆದರೆ ಉದುರುತ್ತದೆ. ಆ ಪುಡಿಯಲ್ಲಿ ಕರೆಂಟು ಹಾಯುವುದಿಲ್ಲ.

ಆದರೂ ಲೈಟು ಉರಿಯುತ್ತದೆ, ಹಾರ್ನ್ ಆಗುತ್ತದೆ. ಹಾಗಾಗಿ ಯಾರಿಗೂ ಅರ್ಥಿಂಗ್ ಮೇಲೆ ಸಂಶಯ ಬರುವುದಿಲ್ಲ. ಸ್ವಲ್ಪ ಲೆಕ್ಕ ಹಾಕೋಣ. ಇಂಜಿನ್ ಎತ್ತುವ ಹೊತ್ತಿಗೆ ಸೆಲ್ಫ್ ಮೋಟಾರ್ 12 ವೋಲ್ಟಿನಲ್ಲಿ 40 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ಓಮ್ ನಿಯಮದಂತೆ ಆ ದಾರಿಯ ರೋಧ 0.3 ಓಮ್. ಕಿಲುಬು ಹಿಡಿದ ಜಾಯಿಂಟು ಬರೀ 0.1 ಓಮ್ ಸೇರಿಸಿದರೂ ಕರೆಂಟು 30 ಆಂಪಿಯರ್‌ಗೆ ಇಳಿಯುತ್ತದೆ. ಜಾಯಿಂಟೊಂದೇ 3 ವೋಲ್ಟ್ ನುಂಗುತ್ತದೆ. 480 ವಾಟ್ ಸಿಗಬೇಕಾದ ಮೋಟಾರಿಗೆ 270 ವಾಟ್ ಸಿಗುತ್ತದೆ. 90 ವಾಟ್ ಜಾಯಿಂಟಿನಲ್ಲಿ ಬಿಸಿಯಾಗಿ ಹೋಗುತ್ತದೆ, ಮುಟ್ಟಿದರೆ ಗೊತ್ತಾಗುತ್ತದೆ. ಅದೇ 0.1 ಓಮ್ ದಾರಿಯಲ್ಲಿ 10 ವಾಟಿನ ಬಲ್ಬು ಕಳೆದುಕೊಳ್ಳುವುದು 0.1 ವೋಲ್ಟೂ ಅಲ್ಲ. ಬಲ್ಬಿಗೆ ತೊಂದರೆಯೇ ತಿಳಿಯದು.

ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಇದನ್ನು ಹುಡುಕಲು ಹೋಗಬೇಡಿ. 0.1 ಓಮ್ ಎಂದರೆ ಸಾದಾ ಮೀಟರಿನ ಸ್ವಂತ ವೈರುಗಳ ರೋಧಕ್ಕಿಂತಲೂ ಕಡಿಮೆ ಇರಬಹುದು. ಡಿಸಿ ವೋಲ್ಟ್‌ಗೆ ಇಡಿ. ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್‌ಗೆ, ಇನ್ನೊಂದು ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಗಾಡಿ ದೊಡ್ಡ ಸ್ಟ್ಯಾಂಡಿನ ಮೇಲೆ ಇರಲಿ. ಈಗ ಬ್ರೇಕ್ ಹಿಡಿದು ಸೆಲ್ಫ್ ಒತ್ತಿ. ಮೀಟರು 0.2 ವೋಲ್ಟಿನ ಆಸುಪಾಸು ತೋರಿಸಿದರೆ ಅರ್ಥಿಂಗ್ ಚೆನ್ನಾಗಿದೆ. 2, 3 ತೋರಿಸಿದರೆ ಕಳ್ಳ ಸಿಕ್ಕಿದ. ಕಡ್ಡಿಯನ್ನು ಒಂದೊಂದೇ ಹೆಜ್ಜೆ ಹಿಂದೆ ತನ್ನಿ: ಇಂಜಿನ್ ಕೇಸು, ಥಿಂಬಲ್, ವೈರಿನ ಈ ತುದಿ, ಬ್ಯಾಟರಿ ಕ್ಲಾಂಪು. ಎಲ್ಲಿ ವೋಲ್ಟೇಜ್ ಒಮ್ಮೆಲೇ ಇಳಿಯಿತೋ ತಪ್ಪು ಅಲ್ಲೇ. ಪಾಸಿಟಿವ್ ಕಡೆಗೂ ಬ್ಯಾಟರಿಯಿಂದ ರಿಲೇ, ರಿಲೇಯಿಂದ ಮೋಟಾರ್ ಎಂದು ಹೀಗೇ ಹೋಗಬಹುದು.

ಕರೆಂಟು ಹರಿಯುವಾಗಲೇ ಅಳೆಯುವುದು ಮುಖ್ಯ. ಹತ್ತಾರು ಎಳೆಯ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ, ಸುಮ್ಮನೆ ನಿಂತ ಗಾಡಿಯಲ್ಲಿ ಮೀಟರು ಪೂರ್ತಿ 12 ವೋಲ್ಟ್ ತೋರಿಸುತ್ತದೆ. ನಮ್ಮಲ್ಲಿ ಹಾಗಾಗುವುದೂ ಜಾಸ್ತಿ. ಉಪ್ಪುನೀರು ತುದಿಯಿಂದ ಎಳೆಗಳ ನಡುವೆ ಏರಿ ಪ್ಲಾಸ್ಟಿಕ್ಕಿನೊಳಗೆ ತಾಮ್ರವನ್ನು ಕಪ್ಪಾಗಿಸಿರುತ್ತದೆ, ಹೊರಗೆ ವೈರು ಹೊಸದರಂತಿರುತ್ತದೆ. ಕಪ್ಪು ಎಳೆಗೆ ಸೋಲ್ಡರ್ ಕಚ್ಚುವುದಿಲ್ಲ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ.

ಜಾಯಿಂಟು ಸ್ವಚ್ಛ ಮಾಡುವಾಗ ಮೊದಲು ಸಿಹಿನೀರಿನಲ್ಲಿ ತೊಳೆಯಿರಿ. ವಿಚಿತ್ರ ಅನಿಸಬಹುದು, ಆದರೆ ಉಪ್ಪು ಹೋಗುವುದು ನೀರಿಗೆ ಮಾತ್ರ. ಪೆಟ್ರೋಲಿಗೆ ಹೋಗುವುದಿಲ್ಲ. ಚೆನ್ನಾಗಿ ಒಣಗಿಸಿ, ಸ್ಯಾಂಡ್‌ಪೇಪರ್ ಹೊಡೆದು ಬಿಗಿ ಮಾಡಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಬಳಿಯಿರಿ. ಉಪ್ಪಿರುವಾಗಲೇ ಬಳಿದರೆ ಒಳಗೆ ಕೊರೆತ ನಡೆಯುತ್ತಲೇ ಇರುತ್ತದೆ.

ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 14 ವೋಲ್ಟಿನ ಹತ್ತಿರ ಇರಬೇಕು. 15 ದಾಟಿ ಬಲ್ಬುಗಳು ಒಂದಾದ ಮೇಲೊಂದು ಸುಡುತ್ತಿದ್ದರೆ ಆರ್‌ಆರ್ ಯೂನಿಟ್ (ಚಾರ್ಜಿಂಗ್ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್-ರೆಕ್ಟಿಫೈಯರ್) ಬದಲಿಸುವ ಮೊದಲು ಅದರ ಅರ್ಥಿಂಗ್ ನೋಡಿ. ಹೆಚ್ಚಾದ ಕರೆಂಟನ್ನು ಗಾಡಿಯ ಲೋಹದ ಮೈಗೆ ಇಳಿಸುವ ಬಗೆಯ ಯೂನಿಟ್ಟಿಗೆ, ಇಳಿಸುವ ದಾರಿಯೇ ಕಟ್ಟಿದ್ದರೆ ಅದೇನು ಮಾಡೀತು?

ಕೊನೆಗೆ, ಕಿಕ್ ಹೊಡೆದರೂ ಸ್ಪಾರ್ಕ್ ಇಲ್ಲದ ಗಾಡಿ. ಆ ಕಾಲದ ಹಲವು ಟೂ ಸ್ಟ್ರೋಕ್ ಗಾಡಿಗಳಲ್ಲಿ ಸಿಡಿಐಗೆ (ಸ್ಪಾರ್ಕ್ ಹುಟ್ಟಿಸುವ ಎಲೆಕ್ಟ್ರಾನಿಕ್ ಡಬ್ಬಿಗೆ) ಕರೆಂಟು ಇಂಜಿನ್ನಿನ ಜೊತೆ ತಿರುಗುವ ಮ್ಯಾಗ್ನೆಟ್ಟಿನ ಕಾಯಿಲ್‌ನಿಂದ ಬರುತ್ತದೆ, ಬ್ಯಾಟರಿ ಬೇಕಿಲ್ಲ. ಕೀ ಆಫ್ ಮಾಡಿದಾಗ ಒಂದು ವೈರು ಆ ಕರೆಂಟನ್ನು ಗಾಡಿಯ ಲೋಹದ ಮೈಗೆ ಇಳಿಸಿ ಇಂಜಿನ್ ನಿಲ್ಲಿಸುತ್ತದೆ. ಕೀ ಸ್ವಿಚ್ಚಿನೊಳಗೆ ಉಪ್ಪುನೀರು ನಿಂತರೆ ಕೀ ಆನ್ ಇದ್ದಾಗಲೂ ಕರೆಂಟು ಹಾಗೇ ಸೋರಿಹೋಗುತ್ತದೆ. ಆ ವೈರನ್ನು ಸಿಡಿಐ ಹತ್ತಿರ ಕಳಚಿ ಕಿಕ್ ಹೊಡೆಯಿರಿ. ಸ್ಟಾರ್ಟ್ ಆದರೆ ಸಿಡಿಐ ಚೆನ್ನಾಗಿದೆ, ಕೀ ಸ್ವಿಚ್ಚು ಬಿಚ್ಚಿ ತೊಳೆದು ಒಣಗಿಸಿದರೆ ಸಾಕು. ಈ ಪರೀಕ್ಷೆಯಲ್ಲೂ ಗಾಡಿ ದೊಡ್ಡ ಸ್ಟ್ಯಾಂಡಿನ ಮೇಲೆ ಇರಬೇಕು, ಹಿಂದಿನ ಚಕ್ರ ನೆಲಕ್ಕೆ ತಾಗಬಾರದು. ವೈರು ಕಳಚಿದ್ದಾಗ ಕೀ ತಿರುಗಿಸಿದರೂ ಇಂಜಿನ್ ನಿಲ್ಲುವುದಿಲ್ಲ. ಅದರ ತುದಿಯನ್ನು ಗಾಡಿಯ ಲೋಹಕ್ಕೆ ತಾಗದಂತೆ ಕೈಗೆಟುಕುವಲ್ಲಿ ಇಟ್ಟುಕೊಂಡು, ನಿಲ್ಲಿಸಬೇಕಾದಾಗ ಮತ್ತೆ ಸಿಡಿಐಗೆ ಸೇರಿಸಿ ಕೀ ಆಫ್ ಮಾಡಿ.