ಬಿಸಿಯಾದ ಮೇಲೆ ಮಿನಿ ಟ್ರಾಕ್ಟರ್ ಹೈಡ್ರಾಲಿಕ್ ಎತ್ತುತ್ತಿಲ್ಲ, ಪಂಪ್ ಬದಲಾಯಿಸಬೇಕಾ?

ಪ್ರಶ್ನೆ: ಅಡಿಕೆ ತೋಟಕ್ಕೆ ಅಂತ ತಗೊಂಡ ಮಿನಿ ಟ್ರಾಕ್ಟರ್ ಇದೆ. ಬೆಳಗ್ಗೆ ಹಿಂದೆ ಕಟ್ಟಿದ ರೋಟವೇಟರ್ (ಮಣ್ಣು ಪುಡಿ ಮಾಡುವ ಯಂತ್ರ) ಸಲೀಸಾಗಿ ಮೇಲೇಳುತ್ತದೆ. ಒಂದೂವರೆ ಗಂಟೆ ಹೊಡೆದ ಮೇಲೆ ಅರ್ಧಕ್ಕೇ ನಿಲ್ಲುತ್ತದೆ. ಎತ್ತಿಟ್ಟು ಆಫ್ ಮಾಡಿದರೆ ಊಟ ಮುಗಿಸಿ ಬರುವಷ್ಟರಲ್ಲಿ ನೆಲಕ್ಕೆ ಕೂತಿರುತ್ತದೆ. ಪಂಪ್ ಹೋಗಿದೆ ಅನ್ನುತ್ತಾರೆ ಮೆಕ್ಯಾನಿಕ್. ಹೊಸದು ಹಾಕಿಸಲಾ?

ಈಗಲೇ ಬೇಡ. ಆಫ್ ಮಾಡಿದ ಮೇಲೂ ಇಳಿಯುತ್ತದೆ ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಇಂಜಿನ್ ನಿಂತರೆ ಪಂಪ್ ತಿರುಗುವುದೇ ಇಲ್ಲ. ಪಂಪಿನ ಕೆಲಸ ಎತ್ತುವುದು. ಎತ್ತಿದ್ದನ್ನು ಹಿಡಿದಿಡುವುದು ಸಿಲಿಂಡರ್ ಒಳಗಿನ ಪಿಸ್ಟನ್ ಓರಿಂಗ್ (ಆಯಿಲ್ ಸೋರದಂತೆ ತಡೆಯುವ ರಬ್ಬರ್ ಬಳೆ) ಮತ್ತು ಕಂಟ್ರೋಲ್ ವಾಲ್ವ್ (ಸಿಲಿಂಡರಿಗೆ ಆಯಿಲ್ ಬಿಡುವ, ವಾಪಸ್ ಕಳಿಸುವ ಕವಾಟ). ಇವುಗಳಲ್ಲಿ ಎಲ್ಲೋ ಆಯಿಲ್ ನುಸುಳುತ್ತಿದೆ. ಬೆಳಗ್ಗೆ ಆಯಿಲ್ ತಣ್ಣಗೆ, ಗಟ್ಟಿಯಾಗಿ ಇರುತ್ತದೆ, ಸಣ್ಣ ಸಂದಿಯಲ್ಲಿ ಬೇಗ ಹೋಗುವುದಿಲ್ಲ. ಬಿಸಿಯಾಗಿ ತೆಳುವಾದಾಗ ಪಂಪ್ ಕಳಿಸಿದ್ದರಲ್ಲಿ ಒಂದು ಪಾಲು ಆ ಸಂದಿಯಲ್ಲೇ ವಾಪಸ್ ಸೋರಿ ಹೋಗುತ್ತದೆ, ಅದಕ್ಕೇ ಅರ್ಧಕ್ಕೆ ನಿಲ್ಲುವುದು. ಇಂಜಿನ್ ಓಡುವಾಗ ರೋಟವೇಟರ್ ಮೇಲೆಯೇ ಇದ್ದು ಸ್ವಲ್ಪ ಇಳಿದು, ಮತ್ತೆ ಎದ್ದು, ಮತ್ತೆ ಇಳಿದು ಕುಣಿಯುತ್ತಿದ್ದರೆ ಸೋರಿಕೆ ಅಂತ ಇನ್ನೂ ಗಟ್ಟಿಯಾಗಿ ಹೇಳಬಹುದು.

ನಾನು ಇದನ್ನು ದುಡ್ಡು ಕೊಟ್ಟು ಕಲಿತೆ. ಯಾರೋ ಹೇಳಿದರು ಅಂತ ಪಂಪ್ ಹಾಕಿಸಿದೆ, ಅವತ್ತು ಸಂಜೆಯೇ ರೋಟವೇಟರ್ ಮೊದಲಿನ ಹಾಗೆ ಕೂತಿತು. ಕೊನೆಗೆ ಹೋಗಿದ್ದು ಒಂದು ಓರಿಂಗ್.

ಬಿಚ್ಚುವ ಮೊದಲು ಖರ್ಚಿಲ್ಲದ ಕೆಲಸ ಮುಗಿಸಿಕೊಳ್ಳಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಆಯಿಲ್ ಮಟ್ಟ ನೋಡಿ. ಹೆಚ್ಚಿನ ಮಿನಿ ಟ್ರಾಕ್ಟರ್‌ಗಳಲ್ಲಿ ಗೇರ್‌ಬಾಕ್ಸಿಗೂ ಹೈಡ್ರಾಲಿಕ್ಕಿಗೂ ಒಂದೇ ಆಯಿಲ್, ಹಾಗಾಗಿ ಬೇರೆ ಎಲ್ಲೋ ಸೋರಿದರೂ ಪೆಟ್ಟು ಇಲ್ಲಿಗೆ ಬೀಳುತ್ತದೆ. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಸ್ವಲ್ಪ ಗಾಜಿನ ಬಾಟಲಿಗೆ ತೆಗೆದು ರಾತ್ರಿಯಿಡೀ ಇಡಿ. ಬೆಳಗ್ಗೆ ತಿಳಿಯಾಗಿ ತಳದಲ್ಲೂ ಏನೂ ನಿಲ್ಲದಿದ್ದರೆ ಅದು ಬರೀ ಗಾಳಿ ಗುಳ್ಳೆ, ಪಂಪಿಗೆ ಆಯಿಲ್ ಹೋಗುವ ಪೈಪಿನ ಜಾಯಿಂಟ್ ಗಾಳಿ ಎಳೆಯುತ್ತಿದೆ. ಹಾಗೇ ಬೆಳ್ಳಗೆ ಉಳಿದರೆ ಅಥವಾ ತಳದಲ್ಲಿ ನೀರು ನಿಂತರೆ ಆಯಿಲ್ ಪೂರ್ತಿ ಬದಲಾಯಿಸಿ, ಆಯಿಲ್ ಸೋಸುವ ಜಾಲರಿಯನ್ನೂ ತೊಳೆಯಿರಿ.

ಈಗ ಮುಖ್ಯ ಪರೀಕ್ಷೆ. ಸೀಟಿನ ಕೆಳಗೆ, ಮುಂದುಗಡೆ, ಒಂದು ತಿರುಗಿಸುವ ನಾಬ್ ಇರುತ್ತದಲ್ಲ, ಇಳಿಯುವ ವೇಗ ಕಡಿಮೆ ಜಾಸ್ತಿ ಮಾಡುವುದು, ಅದೇ ಇಲ್ಲಿ ಸಾಕ್ಷಿ. ಸಾಮಾನ್ಯವಾಗಿ ಅದು ಸಿಲಿಂಡರ್ ಮತ್ತು ಕಂಟ್ರೋಲ್ ವಾಲ್ವ್ ನಡುವಿನ ದಾರಿಯಲ್ಲಿ ಕೂತಿರುತ್ತದೆ. ಟ್ರಾಕ್ಟರ್ ಚೆನ್ನಾಗಿ ಬಿಸಿಯಾಗಲಿ. ರೋಟವೇಟರ್ ಪೂರ್ತಿ ಎತ್ತಿ, ನಾಬ್ ಬಿಗಿಯಾಗಿ ಮುಚ್ಚಿ, ಇಂಜಿನ್ ಆಫ್ ಮಾಡಿ. ಲಿಫ್ಟ್ ಆರ್ಮ್ (ರೋಟವೇಟರ್ ಎತ್ತುವ ತೋಳು) ಎಲ್ಲಿದೆ ಅಂತ ಪಕ್ಕದಲ್ಲಿ ಚಾಕ್‌ಪೀಸಿನಿಂದ ಗೆರೆ ಹಾಕಿ ಅರ್ಧ ಗಂಟೆ ಬಿಡಿ. ನಾಬ್ ಮುಚ್ಚಿದರೂ ಇಳಿದರೆ ಸೋರಿಕೆ ಪಿಸ್ಟನ್ ಕಡೆ. ಇಳಿಯುವುದು ನಿಂತರೆ ತಪ್ಪು ಕಂಟ್ರೋಲ್ ವಾಲ್ವಿನಲ್ಲಿ. ಎರಡಕ್ಕೂ ಪಂಪ್ ಕಾರಣ ಅಲ್ಲ ನೋಡಿ. ಆಮೇಲೆ ನಾಬ್ ತೆರೆಯಲು ಮರೆಯಬೇಡಿ, ಇಲ್ಲದಿದ್ದರೆ ರೋಟವೇಟರ್ ಇಳಿಯುವುದೇ ಇಲ್ಲ. ಈ ಪರೀಕ್ಷೆ ನಡೆಯುವಾಗ ಯಾರೂ ರೋಟವೇಟರ್ ಕೆಳಗೆ ಕೈಯನ್ನೂ ಹಾಕಬಾರದು. ಎತ್ತಿಟ್ಟ ರೋಟವೇಟರ್ ಕೆಳಗೆ ಕೆಲಸ ಇದ್ದರೆ ದಪ್ಪ ಮರದ ದಿಮ್ಮಿ ಕೊಟ್ಟೇ ಹೋಗಿ, ಆಯಿಲನ್ನು ನಂಬಬೇಡಿ.

ಪಿಸ್ಟನ್ ಅಂತ ಗೊತ್ತಾದರೆ ರೋಟವೇಟರ್ ಕಳಚಿ, ಲಿಫ್ಟ್ ಆರ್ಮ್ ಪೂರ್ತಿ ಇಳಿಸಿ, ಸೀಟ್ ತೆಗೆದು ಮೇಲಿನ ಲಿಫ್ಟ್ ಕವರ್ ಎತ್ತಬೇಕಾಗುತ್ತದೆ. ಅದು ಭಾರ, ಚೈನ್ ಬ್ಲಾಕ್ ಇಟ್ಟುಕೊಳ್ಳಿ. ಕೆಲವು ಮಾಡೆಲ್‌ಗಳಲ್ಲಿ ಸಿಲಿಂಡರಿನ ಮುಂದಿನ ಮುಚ್ಚಳ ಬಿಚ್ಚಿದರೆ ಸಾಕು. ಹೊರಬಂದ ಓರಿಂಗ್ ಕೈಯಲ್ಲಿ ಹಿಡಿದು ನೋಡಿ. ಒಳ್ಳೆಯದಾದರೆ ಹೆಬ್ಬೆರಳಲ್ಲಿ ಒತ್ತಿದಾಗ ಮೆತ್ತಗೆ ಬಾಗುತ್ತದೆ. ಹಾಳಾಗಿದ್ದು ಪ್ಲಾಸ್ಟಿಕ್ ಬಳೆಯ ಹಾಗೆ ಗಟ್ಟಿ, ಒಂದು ಕಡೆ ಚಪ್ಪಟೆ, ಅಂಚಲ್ಲಿ ಇಲಿ ಕಡಿದ ಹಾಗೆ ಚೂರು ಹೋಗಿರುತ್ತದೆ. ಜೊತೆಗೆ ಒಂದು ತೆಳು ಬ್ಯಾಕಪ್ ರಿಂಗ್ ಇದ್ದರೆ ಅದು ಯಾವ ಪಕ್ಕ ಇತ್ತು ಅಂತ ಮೊಬೈಲಲ್ಲಿ ಫೋಟೋ ತೆಗೆದಿಡಿ. ಆಯಿಲ್ ಒತ್ತಡ ಒಂದೇ ಕಡೆಯಿಂದ ಬರುವ ಪಿಸ್ಟನ್ನಿನಲ್ಲಿ ಅದು ಒತ್ತಡ ಬರುವ ಕಡೆಗಲ್ಲ, ಓರಿಂಗಿನ ಆಚೆ ಪಕ್ಕಕ್ಕೇ ಕೂರಬೇಕು. ತಿರುವುಮುರುವು ಹಾಕಿದರೆ ಹೊಸ ಓರಿಂಗ್ ಸಂದಿಗೆ ಸಿಕ್ಕಿ ಬೇಗ ಹರಿಯುತ್ತದೆ. ಓರಿಂಗ್ ಕಣ್ಣಳತೆಯಲ್ಲಿ ತರಬೇಡಿ, ಪಾರ್ಟ್ ನಂಬರ್ ನೋಡಿ ತನ್ನಿ. ಹಾಕುವಾಗ ಹೈಡ್ರಾಲಿಕ್ಕಿಗೆ ಹಾಕುವ ಆಯಿಲನ್ನೇ ಸವರಿ. ಸಿಲಿಂಡರ್ ಗೋಡೆಗೆ ಉಗುರು ಆಡಿಸಿ, ಎಲ್ಲಾದರೂ ಉಗುರು ಸಿಕ್ಕಿಕೊಂಡರೆ ಸಿಲಿಂಡರನ್ನೂ ಹೋನಿಂಗ್ (ಒಳಗೋಡೆ ಉಜ್ಜಿ ನಯ ಮಾಡುವುದು) ಮಾಡಿಸಬೇಕು ಅಥವಾ ಬದಲಾಯಿಸಬೇಕು. ಗೀರು ಬಿಟ್ಟು ಬರೀ ರಿಂಗ್ ಹಾಕಿದರೆ ಅದೇ ಕಥೆ ಮತ್ತೆ.

ಕಂಟ್ರೋಲ್ ವಾಲ್ವ್ ಆದರೆ ಮನೆಯಲ್ಲಿ ಬಿಚ್ಚಬೇಡಿ. ಅದರ ಅಳತೆ ಬಹಳ ಸೂಕ್ಷ್ಮ. ಗೊತ್ತಿರುವವರ ಹತ್ತಿರವೇ ಕೊಡಿ.

ಹಾಗಾದರೆ ಪಂಪ್ ಯಾವಾಗ? ಎತ್ತಿದ್ದು ನಿಂತಲ್ಲೇ ನಿಲ್ಲುತ್ತದೆ, ಆದರೆ ಎತ್ತುವುದೇ ನಿಧಾನ, ಆಯಿಲ್ ಮತ್ತು ಜಾಲರಿ ಸರಿ ಇದೆ ಅಂದಾಗ ಪಂಪ್ ಅಥವಾ ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರಿದರೆ ಆಯಿಲ್ ವಾಪಸ್ ಬಿಡುವ ಕವಾಟ) ಮೇಲೆ ಅನುಮಾನ ಪಡಿ. ಆಗಲೂ ಪ್ರೆಶರ್ ಗೇಜ್ ಹಾಕಿ, ಮ್ಯಾನುಯಲ್‌ನಲ್ಲಿರುವ ಅಂಕಿ ಬರುತ್ತದಾ ನೋಡಿ ಅಂತ ಮೆಕ್ಯಾನಿಕ್‌ಗೆ ಕೇಳಿ. ರಿಲೀಫ್ ವಾಲ್ವ್ ಸುಮ್ನೆ ಬಿಗಿ ಮಾಡಿ ಭಾರ ಎತ್ತಿಸಲು ಹೊರಟರೆ ಕವರ್ ಸೀಳಬಹುದು.

ಎಲ್ಲಾ ಜೋಡಿಸಿದ ಮೇಲೆ ರೋಟವೇಟರ್ ಇಲ್ಲದೆ ಹತ್ತು ಸಲ ಎತ್ತಿ ಇಳಿಸಿ, ಒಳಗಿನ ಗಾಳಿ ಹೋಗಲಿ. ಆಮೇಲೆ ಒಂದು ಗಂಟೆ ತೋಟದಲ್ಲಿ ಹೊಡೆದು, ಬಿಸಿ ಇರುವಾಗಲೇ ಎತ್ತಿಟ್ಟು ಆಫ್ ಮಾಡಿ, ಮತ್ತೆ ಚಾಕ್‌ಪೀಸ್ ಗೆರೆ ಹಾಕಿ. ಅರ್ಧ ಗಂಟೆ ಬಿಟ್ಟು ಬಂದು ನೋಡಿ. ಗೆರೆಯಿಂದ ಒಂದು ಬೆರಳಿನ ಅಗಲದಷ್ಟು ಇಳಿದಿದ್ದರೆ ಚಿಂತೆ ಬೇಡ, ಕೆಲಸಕ್ಕೆ ಹೊರಡಿ.