ಪಾಯಿಂಟಿಲಿಸಂ: ಚುಕ್ಕೆಗಳಿಂದ ಕಟ್ಟಿದ ನೀರು

ಚುಕ್ಕೆ ಎಂಬ ಅರ್ಥದ ಫ್ರೆಂಚ್ ಪದದಿಂದ ಹುಟ್ಟಿದ ‘ಪಾಯಿಂಟಿಲಿಸಂ’ ಅನ್ನು ಕನ್ನಡದಲ್ಲಿ ಬಿಂದುಚಿತ್ರಣ ಎನ್ನಬಹುದು. ಬಣ್ಣಗಳನ್ನು ತಟ್ಟೆಯಲ್ಲಿ ಕಲಸಿ ಬಳಿಯುವುದಕ್ಕೆ ಬದಲಾಗಿ, ಬಿಡಿ ಬಣ್ಣಗಳ ಸಣ್ಣ ಚುಕ್ಕೆಗಳನ್ನು ಒತ್ತೊತ್ತಾಗಿ ಇಟ್ಟು ಚಿತ್ರ ಬರೆಯುವ ಈ ಕ್ರಮವನ್ನು ರೂಪಿಸಿದವನು ಪ್ಯಾರಿಸ್ಸಿನ ಜಾರ್ಜ್ ಸ್ಯೂರಾ (1859–1891). ಪದ ಅವನದಲ್ಲ, ಅದು ಮೊದಲು ಬಳಕೆಗೆ ಬಂದದ್ದು ಅಣಕದ ಮಾತಾಗಿ.

1890ರ ಬೇಸಿಗೆಯಲ್ಲಿ ಸ್ಯೂರಾ ಉತ್ತರ ಫ್ರಾನ್ಸಿನ ಗ್ರಾವ್‌ಲೀನ್ ಎಂಬ ಪುಟ್ಟ ಬಂದರಿನಲ್ಲಿದ್ದು, ಅಲ್ಲಿನ ಕಾಲುವೆಯ ನಾಲ್ಕು ಚಿತ್ರಗಳನ್ನು ಬರೆದನು. ಅವುಗಳಲ್ಲಿ ‘ಪೆಟಿ ಫೋರ್ ಫಿಲಿಪ್’ ಎಂಬುದರ ಮುನ್ನೆಲೆಯಲ್ಲಿ ಹಡಗಿನ ಹಗ್ಗ ಬಿಗಿಯುವ ಗಿಡ್ಡ ಕಂಬವೊಂದು ಒಂಟಿಯಾಗಿ ನಿಂತಿದೆ. ಅದರಾಚೆ ತೆಳುಬಣ್ಣದ ದಂಡೆ, ಅಲೆಯೇಳದ ನೀರು, ಹಾಯಿದೋಣಿಗಳು. ಚಿತ್ರದ ಸುತ್ತಲಿನ ಅಂಚನ್ನೂ ಅವನು ಚುಕ್ಕೆಗಳಿಂದಲೇ ತುಂಬಿದ್ದಾನೆ. ನನ್ನ ಮಟ್ಟಿಗೆ ಈ ಪದದ ಅರ್ಥ ಅವನ ದೊಡ್ಡ, ಜನಭರಿತ ಚಿತ್ರಗಳಿಗಿಂತ ಈ ನಿಶ್ಚಲ ನೀರಿನಲ್ಲೇ ಹೆಚ್ಚು ತಿಳಿಯಾಗಿ ಕಾಣುತ್ತದೆ, ಏಕೆಂದರೆ ಇಲ್ಲಿ ಕಥೆಯೂ ಇಲ್ಲ, ಚಲನೆಯೂ ಇಲ್ಲ; ನೋಡಲು ಉಳಿಯುವುದು ಬೆಳಕೊಂದೇ.

ಈ ಕ್ರಮದ ಬೇರು ಬಣ್ಣದ ಕಾರ್ಖಾನೆಯಲ್ಲಿದೆ. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆಶಾಲೆಯಲ್ಲಿ ಕಪ್ಪು ನೂಲು ಕಳೆಗುಂದಿ ಕಾಣುತ್ತದೆಂಬ ದೂರು ಬಂದಾಗ, ಅಲ್ಲಿನ ರಸಾಯನಶಾಸ್ತ್ರಜ್ಞ ಶೆವ್ರೂಲ್ ಪರಿಶೀಲಿಸಿ, ದೋಷವಿರುವುದು ಬಣ್ಣದಲ್ಲಲ್ಲ, ಪಕ್ಕದಲ್ಲಿ ನೇಯ್ದ ಬಣ್ಣಗಳ ಪ್ರಭಾವದಲ್ಲಿ ಎಂದು ಕಂಡುಕೊಂಡನು. 1839ರಲ್ಲಿ ಅವನು ಪ್ರಕಟಿಸಿದ ಈ ವಿಚಾರವನ್ನು ಸ್ಯೂರಾ ಆಳವಾಗಿ ಅಭ್ಯಸಿಸಿದ್ದನು. ಕಿತ್ತಳೆಯ ಪಕ್ಕದಲ್ಲಿಟ್ಟ ನೀಲಿ ಇನ್ನಷ್ಟು ನೀಲಿಯಾಗಿ ತೋರುತ್ತದೆ.

ದೂರದಿಂದ ನೋಡಿದರೆ ಚುಕ್ಕೆಗಳು ಬೆರೆತು ಹೊಸ ಬಣ್ಣವಾಗುತ್ತವೆ ಎಂಬ ವಿವರಣೆ ಸಾಮಾನ್ಯವಾಗಿ ಕೇಳಿಬರುತ್ತದೆ. ಅದು ಅರ್ಧ ಮಾತ್ರ ನಿಜ. ಕಣ್ಣಿನಲ್ಲಿ ಪೂರ್ತಿ ಬೆರೆತರೆ ನೀಲಿ, ಹಳದಿ ಚುಕ್ಕೆಗಳು ಹೊಳೆಯುವ ಹಸಿರಾಗುವುದಿಲ್ಲ, ಬೂದುಬಣ್ಣದ ಕಡೆಗೆ ವಾಲುತ್ತವೆ. ಚಿತ್ರಕ್ಕೆ ಜೀವ ಬರುವುದು ಅವು ಬೆರೆತೂ ಬೆರೆಯದಂತಿರುವ ಅಂತರದಲ್ಲಿ. ನಿಂತ ನೀರು ಸಣ್ಣಗೆ ಮಿನುಗುವಂತೆ ಕಾಣುವುದು ಅಲ್ಲಿಯೇ.

ಸ್ಯೂರಾನನ್ನು ಇಂದು ಪೋಸ್ಟ್ ಇಂಪ್ರೆಷನಿಸ್ಟರ, ಅಂದರೆ ಕ್ಷಣದ ಬೆಳಕನ್ನು ಹಿಡಿಯಹೊರಟ ಇಂಪ್ರೆಷನಿಸ್ಟ್ ಚಿತ್ರಕಾರರ ನಂತರ ಬಂದವರ, ಸಾಲಿಗೆ ಸೇರಿಸುತ್ತಾರೆ. ಆದರೆ ಆ ಹೆಸರನ್ನು ಕಲಾವಿಮರ್ಶಕ ರೋಜರ್ ಫ್ರೈ ಲಂಡನ್ನಿನಲ್ಲಿ ಬಳಕೆಗೆ ತಂದದ್ದು 1910ರಲ್ಲಿ, ಸ್ಯೂರಾ ತೀರಿಕೊಂಡ ಎಷ್ಟೋ ವರ್ಷಗಳ ಬಳಿಕ. ಸ್ಯೂರಾನ ಗೆಳೆಯ, ಚಿತ್ರಕಾರ ಪಾಲ್ ಸಿನ್ಯಾಕ್ ‘ಪಾಯಿಂಟಿಲಿಸಂ’ ಎಂಬ ಹೆಸರನ್ನೂ ಒಪ್ಪಲಿಲ್ಲ. ಚುಕ್ಕೆ ಇಡುವುದು ಬರಿಯ ಕೈಚಳಕ, ಮುಖ್ಯವಾದದ್ದು ಬಣ್ಣಗಳನ್ನು ಬಿಡಿಬಿಡಿಯಾಗಿ ಉಳಿಸುವುದು ಎಂಬುದು 1899ರ ತನ್ನ ಗ್ರಂಥದಲ್ಲಿ ಅವನು ಮಂಡಿಸಿದ ವಾದ. ಅವನು ಒಪ್ಪಿದ ‘ಡಿವಿಷನಿಸಂ’ ಎಂಬ ಪದಕ್ಕೆ ಕನ್ನಡದಲ್ಲಿ ‘ವರ್ಣವಿಭಜನೆ’ ಎಂಬುದು ಸರಿಹೊಂದುತ್ತದೆ.