ಫ್ಲೆಕ್ಸ್ ಕಟ್ಟಿದ್ದು ಯಾರು?

ಶಿವಮೊಗ್ಗದಲ್ಲಿ ಪಾಲಿಕೆಯವರು ಏಣಿ ಹತ್ತಿ ಫ್ಲೆಕ್ಸ್ ಬಿಚ್ಚಲು ಹೊರಟರೆ ಕೆಳಗಿನಿಂದ ಬರುವ ಮೊದಲ ಮಾತು ‘ನಮ್ಮದನ್ನೇ ಯಾಕೆ?’ ಎಂಬುದು. ‘ಅನುಮತಿ ಇತ್ತಾ?’ ಎಂಬ ಪ್ರಶ್ನೆ ಏಳುವ ಹೊತ್ತಿಗೆ ಜನ ಸೇರಿರುತ್ತಾರೆ.

ಗೋಡೆಗೆ ಸುಣ್ಣ ಬಳಿದು ನೀಲಿಯಲ್ಲಿ ಪಕ್ಷದ ಗುರುತು ಬರೆಯುತ್ತಿದ್ದ ಕಾಲದಲ್ಲಿ ಮಲೆನಾಡಿಗೆ ಇದು ದೊಡ್ಡ ತಲೆನೋವಾಗಿರಲಿಲ್ಲ. ಎರಡು ಮಳೆಗಾಲ ಕಳೆದರೆ ಪಾಚಿಯೇ ತೆರವು ಕಾರ್ಯಾಚರಣೆ ಮುಗಿಸುತ್ತಿತ್ತು. 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಆರು ತಿಂಗಳ ಸಜೆ, ಸಾವಿರ ರೂಪಾಯಿ ದಂಡದ ಮಾತಾಡಿತು. ಆಮೇಲೆ ಬಂದ ಫ್ಲೆಕ್ಸ್ ಮಳೆಗೂ ಜಗ್ಗಲಿಲ್ಲ, ಆ ಸಾವಿರಕ್ಕೂ ಜಗ್ಗಲಿಲ್ಲ. 2016ರಲ್ಲಿ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸನ್ನೇ ನಿಷೇಧಿಸಿತು. 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ಬೆಂಗಳೂರಿನ ಬೀದಿಗಳು ಕೆಲಕಾಲ ಬರಿದಾದವು. ನಮ್ಮಲ್ಲಿ 2022ರ ಆಗಸ್ಟ್ 15ರಂದು ಅಮೀರ್ ಅಹಮದ್ ವೃತ್ತದ ಫ್ಲೆಕ್ಸ್ ವಿವಾದ ನಿಷೇಧಾಜ್ಞೆಯವರೆಗೂ ಹೋಯಿತು.

ಕಾನೂನಿನ ಗಂಟು ಇರುವುದು ಫ್ಲೆಕ್ಸಿನ ಕೆಳತುದಿಯಲ್ಲಿ. ಪಾಲಿಕೆ ಕಾಯ್ದೆಯ ಪ್ರಕಾರ ಜಾಹೀರಾತಿಗೆ ಆಯುಕ್ತರ ಲಿಖಿತ ಅನುಮತಿ ಬೇಕು. ಚುನಾವಣಾ ಪೋಸ್ಟರಾದರೆ ಮುದ್ರಕರ, ಪ್ರಕಾಶಕರ ಹೆಸರು ಕಡ್ಡಾಯ. ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಇರುವುದು ‘ಅಭಿಮಾನಿ ಬಳಗ’ ಮಾತ್ರ. ಬಳಗಕ್ಕೆ ವಿಳಾಸವಿಲ್ಲ, ನೋಟಿಸ್ ಯಾರ ಕೈಗೆ ಕೊಡುವುದು? ಚಿತ್ರದಲ್ಲಿರುವ ನಾಯಕರನ್ನು ಕೇಳಿದರೆ ‘ಹುಡುಗರು ಪ್ರೀತಿಯಿಂದ ಹಾಕಿರಬಹುದು’ ಎನ್ನುತ್ತಾರೆ. ಬಿಚ್ಚಿದ ಮರುಗಳಿಗೆ ಮಾತ್ರ ವಾರಸುದಾರರು ಸಾಲುಗಟ್ಟಿ ಬರುತ್ತಾರೆ.

‘ನಮ್ಮದನ್ನೇ ಯಾಕೆ’ ಎಂಬುದು ಹುಡುಗಾಟದ ಪ್ರಶ್ನೆಯೂ ಅಲ್ಲ. 1979ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ರೋಲಂಡ್ ವಿನ್ಸೆಂಟ್ ಎಂಬ ಅಭ್ಯರ್ಥಿಯ ರಟ್ಟಿನ ಫಲಕಗಳನ್ನು ನಗರದ ಸಿಬ್ಬಂದಿ ಕಂಬಗಳಿಂದ ಕಿತ್ತರು. ಬೆಂಬಲಿಗರು ವಾಕ್ ಸ್ವಾತಂತ್ರ್ಯದ ಹೆಸರಿನಲ್ಲಿ ಕೋರ್ಟಿಗೆ ಹೋದರು. 1984ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 6–3ರಲ್ಲಿ ನಗರದ ಪರ ನಿಂತಿತು. ಆ ನಿಯಮ ಫಲಕದಲ್ಲಿ ಏನು ಬರೆದಿದೆ ಎಂದು ನೋಡದೆ ಎಲ್ಲಕ್ಕೂ ಒಂದೇ ಆಗಿತ್ತು ಎಂಬುದು ತೀರ್ಪಿನ ಮುಖ್ಯ ಆಧಾರಗಳಲ್ಲೊಂದು.

ನಮ್ಮಲ್ಲೂ ಹಾಗೆ ಒಂದೇ ಕೈಯಿಂದ ತೆಗೆಯಲು ಬರುತ್ತದೆ, ಚುನಾವಣೆ ಘೋಷಣೆಯಾದಾಗ. ಆಗ ತೆರವಿಗೆ ಗಡುವು ಇರುತ್ತದೆ: ಸರ್ಕಾರಿ ಕಟ್ಟಡಕ್ಕೆ 24 ಗಂಟೆ, ಬಸ್ ನಿಲ್ದಾಣ, ಸೇತುವೆ, ಕಂಬಗಳಿಗೆ 48, ಖಾಸಗಿ ಜಾಗದಲ್ಲಿ ಅನುಮತಿಯಿಲ್ಲದ್ದಕ್ಕೆ 72. ಯಾರ ಮುಖ ಎಂದು ಆಗ ಯಾರೂ ನೋಡುವುದಿಲ್ಲ. ಉಳಿದ ದಿನಗಳಲ್ಲೂ ಅದೇ ಸಿಬ್ಬಂದಿ, ಅದೇ ಏಣಿ; ಏಣಿ ಮಾತ್ರ ಫೋನ್ ಬಂದ ಕಂಬಕ್ಕೇ ಹೋಗಿ ಒರಗುತ್ತದೆ.

ಬಿಚ್ಚಿದ ಫ್ಲೆಕ್ಸ್ ಹಾಳಾಗುವುದಿಲ್ಲ ಬಿಡಿ. ತೀರ್ಥಹಳ್ಳಿ ಕಡೆ ಜೂನ್‌ನಲ್ಲಿ ಹೋದರೆ ಸೌದೆ ಕೊಟ್ಟಿಗೆಯ ಮೇಲೆ ಎರಡು ಪಕ್ಷದ ನಾಯಕರೂ ಒಟ್ಟಿಗೆ ಮಳೆಯಲ್ಲಿ ನೆನೆಯುತ್ತಿರುತ್ತಾರೆ.